ವಿಮಾನಕ್ಕೆ ಬೆಂಕಿ ಬಿದ್ದಾಗ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಲವಗೊಪ್ಪವೆಂಬ ಊರಿದೆ. ಒಂದು ಕಡೆ ತುಂಗೆಯ ಪಟ್ಟಣ, ಇನ್ನೊಂದು ಕಡೆ ಭದ್ರೆಯ ಪಟ್ಟಣ, ನಡುವೆ ಈ ಊರು. ಇಲ್ಲಿಯ ಜನರು ಬಹುಕಾಲದಿಂದ ಬಸ್ಸು ಲಾರಿಗಳ ಸದ್ದಿಗೆ ಒಗ್ಗಿಹೋದವರು. ೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ಇಲ್ಲಿಗೆ ದೂರವಲ್ಲದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ೩೧ರಂದು ಬೆಂಗಳೂರಿನಿಂದ ಹೊರಟ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಬಂದಿಳಿಯಿತು. ಅಂದಿನಿಂದ ಈ ಸೀಮೆಯವರಿಗೆ ಒಂದು ಹೊಸ ಸದ್ದು ಪರಿಚಯವಾಗಿದೆ. ಒಂದು ಹೊಸ ಹೊಣೆಯೂ ಅದರ ಜೊತೆಯಲ್ಲಿಯೇ ಬಂದಿದೆ. ಸದ್ದು ಎಲ್ಲರಿಗೂ ಕೇಳಿಸುತ್ತದೆ. ಹೊಣೆಯ ಅರಿವು ಅಷ್ಟಾಗಿ ಉಂಟಾಗಿಲ್ಲವೆಂದು ತೋರುತ್ತದೆ. ಆ ಹೊಣೆಯ ವಿಚಾರವನ್ನು ಇಂದಿನ ಭಾಷಣದಲ್ಲಿ ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಉದ್ದೇಶ.

ವಿಮಾನ ನಿಲ್ದಾಣವನ್ನು ನೋಡಲು ಹೋದವರು ಅಲ್ಲಿಯ ಕಟ್ಟಡವನ್ನು ಹೊಗಳುತ್ತಾರೆ, ೩,೨೦೦ ಮೀಟರು ಉದ್ದದ ಓಡುದಾರಿಯನ್ನು ಕಂಡು ಬೆರಗಾಗುತ್ತಾರೆ. ಆದರೆ ಪ್ರಯಾಣಿಕರ ವಿಮಾನಗಳು ಕ್ರಮವಾಗಿ ಬಂದು ಹೋಗುವ ಯಾವ ನಿಲ್ದಾಣದಲ್ಲಿಯೇ ಆಗಲಿ, ಓಡುದಾರಿಗೆ ಮುಖಮಾಡಿಕೊಂಡು ಎತ್ತರದ ಬಾಗಿಲುಗಳ ಒಂದು ಕೊಟ್ಟಿಗೆ ಇದ್ದೇ ಇರಬೇಕು. ಅದರೊಳಗೆ ದೊಡ್ಡ ಚಕ್ರಗಳ ಭಾರಿ ವಾಹನಗಳು ನೀರು ತುಂಬಿಕೊಂಡು ಸಿದ್ಧವಾಗಿ ನಿಂತಿರುತ್ತವೆ. ನಿಲ್ದಾಣದವರು ಇವನ್ನು ‘ಕ್ರ್ಯಾಷ್ ಫೈರ್ ಟೆಂಡರ್’ ಎಂದು ಕರೆಯುತ್ತಾರೆ. ವಿಮಾನಕ್ಕೆ ಬೆಂಕಿ ಬಿದ್ದಾಗ ಓಡಿಹೋಗಿ ಜನರನ್ನು ಉಳಿಸುವುದೊಂದೇ ಇವುಗಳ ಕೆಲಸ. ವರ್ಷಗಟ್ಟಲೆ ಈ ಕೆಲಸ ಬಾರದೆ ಇರಬಹುದು; ಬಾರದಿರಲಿ ಎಂದೇ ಎಲ್ಲರ ಹಾರೈಕೆ. ಬಂದರೆ ಮಾತ್ರ ಅದು ನಿಮಿಷಗಳ ಲೆಕ್ಕದಲ್ಲಿ ಮುಗಿದುಹೋಗುತ್ತದೆ.

ಊರಿನಲ್ಲಿ ಅಗ್ನಿಶಾಮಕ ದಳವಿರುವಾಗ ವಿಮಾನಕ್ಕೆ ಪ್ರತ್ಯೇಕವಾದ ವಾಹನವೇಕೆ ಎಂದು ಕೇಳುವವರುಂಟು. ಪ್ರಶ್ನೆ ಸಹಜವೇ. ಇದಕ್ಕೆ ಉತ್ತರ ಬೆಂಕಿಯ ಸ್ವಭಾವದಲ್ಲಿದೆ. ಹುಲ್ಲಿನ ಬಣವೆಯಾಗಲಿ, ಮರದ ಅಡ್ಡೆಯಾಗಲಿ, ಅರಳೆಯ ಮಂಡಿಯಾಗಲಿ ಉರಿದರೆ ನೀರು ಹೊಯ್ದು ತಣಿಸಬಹುದು. ವಿಮಾನದಲ್ಲಿ ಉರಿಯುವುದು ಎಣ್ಣೆ. ಅದರ ರೆಕ್ಕೆಗಳೊಳಗೆ ಸೀಮೆಎಣ್ಣೆಯ ಜಾತಿಗೆ ಸೇರಿದ ಇಂಧನ ತುಂಬಿರುತ್ತದೆ. ಚಿಕ್ಕ ಪಟ್ಟಣಗಳಿಗೆ ಬರುವ ಎಟಿಆರ್ ೭೨ ಎಂಬ ವಿಮಾನ ಸುಮಾರು ೫ ಸಾವಿರ ಕಿಲೋಗ್ರಾಂ ಇಂಧನವನ್ನು ಹೊರಬಲ್ಲದು. ಏರ್‌ಬಸ್ ಎ೩೨೦ ಸುಮಾರು ೨೪ ಸಾವಿರ ಲೀಟರನ್ನು ಹೊರಬಲ್ಲದು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹೊಯ್ಯಬಾರದೆಂಬುದು ಅಡಿಗೆಮನೆಯನ್ನು ಬಲ್ಲ ಎಲ್ಲರಿಗೂ ಗೊತ್ತು. ಎಣ್ಣೆ ನೀರಿಗಿಂತ ಹಗುರ. ಉರಿಯುತ್ತಲೇ ನೀರಿನ ಮೇಲೆ ತೇಲಿ ಹರಡುತ್ತದೆ. ವಿಮಾನದ ಕೆಳಗೆ ಮಡುವಾಗಿ ನಿಂತ ಇಂಧನದ ಮೇಲೆ ಬರಿಯ ನೀರನ್ನು ಸುರಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆಯೇ ಆಗುವುದು.

ಎರಡನೆಯ ಮಾತು ಲೋಹದ್ದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಕಂಡ ನಮ್ಮ ಜನಕ್ಕೆ ಲೋಹವೆಂದರೆ ಬೆಂಕಿಯನ್ನು ತಡೆದುಕೊಳ್ಳುವ ವಸ್ತುವೆಂದು ಭಾವನೆ. ಶುದ್ಧವಾದ ಕಬ್ಬಿಣ ಕರಗಬೇಕಾದರೆ ೧,೫೩೮ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆದರೆ ಬಹುಪಾಲು ವಿಮಾನಗಳ ಮೈ ಅಲ್ಯೂಮಿನಿಯಮ್ಮಿನದು. ಅದು ೬೬೦ ಡಿಗ್ರಿಗೇ ಕರಗುತ್ತದೆ. ಹಗುರವಾಗಿರಬೇಕೆಂದು ತಗಡನ್ನು ತೆಳುವಾಗಿ ಮಾಡಿರುತ್ತಾರೆ. ಹೊರಗೆ ಇಂಧನ ಧಗಧಗಿಸಿ ಉರಿಯುತ್ತಿದ್ದರೆ ಸುಮಾರು ಒಂದು ನಿಮಿಷದಲ್ಲಿ ಆ ತಗಡು ತೂತಾಗಿ ಬೆಂಕಿ ಒಳಹೊಗಬಹುದು. ಬೆಂಕಿಗಿಂತ ಮುಂಚೆ ಹೊಗೆ ಹೊಗುತ್ತದೆ. ಆಸನಗಳೂ ಒಳಗಿನ ಹಲಗೆಗಳೂ ಸುಟ್ಟಾಗ ಹುಟ್ಟುವ ಆ ಹೊಗೆಯನ್ನು ನಾಲ್ಕಾರು ಸಲ ಉಸಿರಿಗೆ ಎಳೆದುಕೊಂಡವನ ಕಾಲು ಬಾಗಿಲವರೆಗೆ ನಡೆಯದು.

ವಿಮಾನವನ್ನು ಕಟ್ಟುವವರಿಗೆ ಇದು ತಿಳಿಯದ ವಿಷಯವಲ್ಲ. ದೊಡ್ಡ ಪ್ರಯಾಣಿಕ ವಿಮಾನದ ಮಾದರಿಯೊಂದು ಅನುಮತಿ ಪಡೆಯಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ಅದು ಹಿಡಿಯುವಷ್ಟು ಜನರೆಲ್ಲರೂ ೯೦ ಸೆಕೆಂಡಿನೊಳಗೆ ಹೊರಬರಲು ಸಾಧ್ಯವೆಂದು ತೋರಿಸಿಕೊಡಬೇಕೆಂಬ ನಿಯಮವಿದೆ. ಆದರೆ ಆ ಪರೀಕ್ಷೆಯಲ್ಲಿ ಗಾಯಗೊಂಡವರಿರುವುದಿಲ್ಲ, ಮುರಿದ ಆಸನಗಳಿರುವುದಿಲ್ಲ, ನಿಜವಾದ ಬೆಂಕಿಯೂ ಇರುವುದಿಲ್ಲ. ಅಪಘಾತದ ದಿನ ತೊಂಬತ್ತು ಸೆಕೆಂಡು ಸಾಲದೆ ಹೋಗಬಹುದು. ಸಾಲದ ಆ ಹೊತ್ತನ್ನು ಹೊರಗಿನಿಂದ ಯಾರಾದರೂ ಗಳಿಸಿಕೊಡಬೇಕು. ನಿಲ್ದಾಣದ ಅಗ್ನಿಶಾಮಕ ವಾಹನ ಹುಟ್ಟಿರುವುದು ಇದಕ್ಕಾಗಿ.

ಅದರ ಮುಖ್ಯವಾದ ಆಯುಧ ನೊರೆ. ನೀರಿಗೆ ನೂರಕ್ಕೆ ಮೂರು ಪಾಲೋ ಆರು ಪಾಲೋ ನೊರೆಯ ದ್ರಾವಣವನ್ನು ಬೆರಸಿ, ಗಾಳಿ ಕೂಡುವಂತೆ ಚಿಮ್ಮಿಸಿದರೆ ಬಿಳಿಯ ನೊರೆ ಏಳುತ್ತದೆ. ಅದು ಎಣ್ಣೆಗಿಂತ ಹಗುರವಾದ್ದರಿಂದ ಮುಳುಗದೆ, ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಇಂಧನದ ಮೇಲೆ ಹೊದಿಕೆಯಾಗಿ ಹರಡಿಕೊಳ್ಳುತ್ತದೆ. ಗಾಳಿಯನ್ನು ತಡೆಯುತ್ತದೆ, ಎಣ್ಣೆಯ ಆವಿ ಮೇಲೇಳದಂತೆ ಮುಚ್ಚುತ್ತದೆ, ತನ್ನಲ್ಲಿರುವ ನೀರಿನಿಂದ ಶಾಖವನ್ನೂ ತಗ್ಗಿಸುತ್ತದೆ. ಹಿಂದೆ ಈ ದ್ರಾವಣವನ್ನು ದನದ ಗೊರಸು ಕೊಂಬುಗಳಿಂದ ತೆಗೆದ ಸಾರದಿಂದ ಮಾಡುತ್ತಿದ್ದರು. ೧೯೬೦ರ ದಶಕದಲ್ಲಿ ಅಮೆರಿಕದ ನೌಕಾಪಡೆಯವರ ಸಂಶೋಧನೆಯಿಂದ ಫ್ಲೋರಿನ್ ಕೂಡಿದ ಹೊಸ ದ್ರಾವಣ ಬಂದಿತು. ಅದು ಎಣ್ಣೆಯ ಮೇಲೆ ನೀರಿನ ತೆಳುವಾದ ಪೊರೆಯನ್ನು ಹಾಸುತ್ತಿದ್ದುದರಿಂದ ಬೆಂಕಿ ಬಹು ಬೇಗ ಅಡಗುತ್ತಿತ್ತು. ಆದರೆ ಅದರೊಳಗಿನ ಫ್ಲೋರಿನ್ ಸಂಯುಕ್ತಗಳು ಮಣ್ಣಿನಲ್ಲಿಯೂ ಬಾವಿಯ ನೀರಿನಲ್ಲಿಯೂ ಸೇರಿದರೆ ಬಹುಕಾಲ ಕರಗದೆ ಉಳಿಯುತ್ತವೆಂದೂ, ದೇಹಕ್ಕೆ ಕೇಡೆಂದೂ ಮುಂದೆ ತಿಳಿದುಬಂದದ್ದರಿಂದ, ಈಗ ಅನೇಕ ದೇಶಗಳು ಫ್ಲೋರಿನ್ ಇಲ್ಲದ ನೊರೆಗೆ ಬದಲಾಗುತ್ತಿವೆ. ಸುತ್ತಲೂ ಗದ್ದೆ ತೋಟಗಳಿರುವ ನಮ್ಮ ಮಲೆನಾಡಿನಂಥ ಸೀಮೆಗೆ ಇದು ಲಕ್ಷ್ಯವಿಡಬೇಕಾದ ಸಂಗತಿ.

ಎರಡನೆಯ ಆಯುಧ ಒಣಪುಡಿ. ಅಡಿಗೆ ಸೋಡಾದ ಜಾತಿಯ ಈ ಪುಡಿಯನ್ನು ಅನಿಲದ ಒತ್ತಡದಿಂದ ಊದುತ್ತಾರೆ. ಒಡೆದ ಕೊಳವೆಯಿಂದ ಧಾರೆಯಾಗಿ ಸುರಿಯುತ್ತ ಉರಿಯುವ ಇಂಧನದ ಮೇಲೆ ನೊರೆ ನಿಲ್ಲಲಾರದು. ಅಲ್ಲಿ ಪುಡಿ ಜ್ವಾಲೆಯನ್ನು ಕ್ಷಣದಲ್ಲಿ ಬಡಿದುಹಾಕುತ್ತದೆ. ಆದರೆ ಅದು ತಣಿಸುವುದಿಲ್ಲ. ಕಾದ ಲೋಹ ಹತ್ತಿರವಿದ್ದರೆ ಬೆಂಕಿ ಮತ್ತೆ ಹೊತ್ತಿಕೊಳ್ಳುವುದುಂಟು. ಆದಕಾರಣ ಪುಡಿಯೂ ನೊರೆಯೂ ಒಂದಕ್ಕೊಂದು ನೆರವಾಗಿ ನಡೆಯಬೇಕು.

ಇನ್ನು ವಾಹನದ ರಚನೆಯನ್ನು ನೋಡೋಣ. ಪೇಟೆಯ ಫೈರ್ ಇಂಜಿನ್ ಸಾಮಾನ್ಯವಾಗಿ ಬೆಂಕಿಯ ಬಳಿ ನಿಂತು, ಕೊಳವೆ ಬಿಚ್ಚಿ, ಆಮೇಲೆ ನೀರು ಹಾಯಿಸುತ್ತದೆ. ಇಲ್ಲಿ ಅಷ್ಟು ವ್ಯವಧಾನವಿಲ್ಲ. ಈ ವಾಹನ ಓಡುತ್ತಿರುವಾಗಲೇ ನೊರೆಯನ್ನು ಚಿಮ್ಮಬೇಕು. ಅದಕ್ಕಾಗಿ ಚಕ್ರಗಳನ್ನೂ ಪಂಪನ್ನೂ ಒಂದೇ ಕಾಲದಲ್ಲಿ ನಡೆಸಬಲ್ಲಂತೆ ಯಂತ್ರವನ್ನು ಅಳವಡಿಸಿರುತ್ತಾರೆ. ಚಾವಣಿಯ ಮೇಲೊಂದು, ಮುಂಭಾಗದಲ್ಲೊಂದು ಫಿರಂಗಿಯಂಥ ನಳಿಗೆಗಳಿದ್ದು, ಕೊಠಡಿಯೊಳಗೆ ಕುಳಿತ ಸಿಬ್ಬಂದಿ ಒಂದು ಹಿಡಿಯಿಂದ ಅವನ್ನು ಬೇಕಾದತ್ತ ತಿರುಗಿಸುತ್ತಾರೆ. ವಾಹನದ ಹೊಟ್ಟೆಯ ಕೆಳಗೂ ಚಿಕ್ಕ ನಳಿಗೆಗಳಿರುತ್ತವೆ. ಉರಿಯುವ ಎಣ್ಣೆಯ ಮೇಲೆ ಹಾದುಹೋಗಬೇಕಾಗಿ ಬಂದರೆ ತನ್ನ ಚಕ್ರಗಳನ್ನು ತಾನೇ ಕಾಪಾಡಿಕೊಳ್ಳಲು ಇವು ಬೇಕು. ಕೆಲವು ವಾಹನಗಳಿಗೆ ಉದ್ದವಾಗಿ ಚಾಚುವ ತೋಳಿದ್ದು, ಅದರ ತುದಿಯ ಮೊನೆ ವಿಮಾನದ ತಗಡನ್ನು ಚುಚ್ಚಿ ಒಳಗೇ ನೀರನ್ನು ಸಿಂಪಡಿಸುತ್ತದೆ. ಎಲ್ಲ ಚಕ್ರಗಳಿಗೂ ಶಕ್ತಿ ಹಾಯುವುದರಿಂದ ಹುಲ್ಲುಗಾವಲಿನಲ್ಲಿಯೂ ಉಳುಮೆಯ ನೆಲದಲ್ಲಿಯೂ ನುಗ್ಗಬಲ್ಲವು. ಆಸ್ಟ್ರಿಯದ ರೋಸೆನ್‌ಬಾವರ್ ಕಂಪೆನಿಯ ‘ಪ್ಯಾಂಥರ್’, ಅಮೆರಿಕದ ಆಶ್‌ಕಾಶ್ ಕಂಪೆನಿಯ ‘ಸ್ಟ್ರೈಕರ್’ ಈ ಜಾತಿಯಲ್ಲಿ ಹೆಸರಾದವು.

ವಿಮಾನಯಾನದ ಅಂತರರಾಷ್ಟ್ರೀಯ ಸಂಸ್ಥೆ ಈ ವಾಹನಗಳಿಗೆ ಗೊತ್ತುಮಾಡಿರುವ ಮಟ್ಟವನ್ನು ಕೇಳಿದರೆ ಅದರ ಕಾಠಿಣ್ಯ ತಿಳಿಯುತ್ತದೆ. ೪,೫೦೦ ಲೀಟರಿಗಿಂತ ಹೆಚ್ಚು ನೀರು ಹೊತ್ತ ವಾಹನ ನಿಂತಲ್ಲಿಂದ ಹೊರಟು ೪೦ ಸೆಕೆಂಡಿನೊಳಗೆ ಗಂಟೆಗೆ ೮೦ ಕಿಲೋಮೀಟರಿನ ವೇಗವನ್ನು ಮುಟ್ಟಬೇಕು. ಗಂಟೆಗೆ ಕನಿಷ್ಠ ೧೦೦ ಕಿಲೋಮೀಟರಿನವರೆಗೆ ಓಡಬಲ್ಲದಾಗಿರಬೇಕು. ೨೮ ಡಿಗ್ರಿಯವರೆಗೆ ಪಕ್ಕಕ್ಕೆ ವಾಲಿಸಿದರೂ ಮಗುಚಿಕೊಳ್ಳಬಾರದು. ತುಂಬಿದ ಕೊಡವನ್ನು ಹೊತ್ತು ಓಡುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರಿಗೆ ಈ ಕಟ್ಟಳೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಷ್ಟು ನೀರು, ಎಷ್ಟು ವಾಹನ ಎಂಬುದನ್ನು ನಿರ್ಣಯಿಸಲು ನಿಲ್ದಾಣಗಳನ್ನು ಹತ್ತು ದರ್ಜೆಗಳಾಗಿ ವಿಂಗಡಿಸಿದ್ದಾರೆ. ದರ್ಜೆ ನಿಲ್ದಾಣದ ಅಂದಚೆಂದವನ್ನು ಅವಲಂಬಿಸಿಲ್ಲ. ಅಲ್ಲಿಗೆ ಬರುವ ವಿಮಾನದ ಉದ್ದವನ್ನೂ ಒಡಲಿನ ಅಗಲವನ್ನೂ ಅವಲಂಬಿಸಿದೆ. ೨೭ ಮೀಟರು ಉದ್ದದ ಎಟಿಆರ್ ೭೨ ಐದನೆಯ ದರ್ಜೆಗೆ ಸೇರುತ್ತದೆ. ೩೭ ಮೀಟರಿಗೆ ಮೇಲ್ಪಟ್ಟ ಎ೩೨೦ ಆರನೆಯದಕ್ಕೆ. ೩೯ ಮೀಟರನ್ನು ದಾಟಿದ ಬೋಯಿಂಗ್ ೭೩೭–೮೦೦ ಏಳನೆಯದಕ್ಕೆ. ೨೦೨೨ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿಗೆ ಮೊದಲ ಸಲ ಬಂದ ಎರಡು ಅಂತಸ್ತಿನ ಎ೩೮೦ ಉದ್ದದಲ್ಲಿ ಒಂಬತ್ತನೆಯ ದರ್ಜೆಯದಾದರೂ ಒಡಲಿನ ಅಗಲ ಮಿತಿಯನ್ನು ಮೀರುವುದರಿಂದ ಹತ್ತನೆಯದಾಗಿ ಎಣಿಸಲ್ಪಡುತ್ತದೆ. ಐದನೆಯ ದರ್ಜೆಯವರೆಗೆ ಒಂದು ವಾಹನ, ಆರು ಏಳಕ್ಕೆ ಎರಡು, ಎಂಟರಿಂದ ಹತ್ತಕ್ಕೆ ಮೂರು—ಇದು ಕನಿಷ್ಠದ ಲೆಕ್ಕ. ಯಾವುದಾದರೂ ವಾಹನ ಕೆಟ್ಟು ನಿಂತರೆ ನಿಲ್ದಾಣದ ದರ್ಜೆ ಆ ಹೊತ್ತಿಗೆ ಇಳಿಯಬಹುದು. ಹಾಗೆ ಇಳಿದರೆ ಅದನ್ನು ವೈಮಾನಿಕರಿಗೆ ಪ್ರಕಟಿಸಬೇಕು. ಬೆಂಕಿಯ ಕೊಟ್ಟಿಗೆಯಲ್ಲಿ ಒಂದು ಯಂತ್ರ ಕೆಟ್ಟರೆ ದೊಡ್ಡ ವಿಮಾನದ ಬರವೇ ತಡೆಯಬಹುದೆಂಬುದು ಅನೇಕರಿಗೆ ತಿಳಿದಿಲ್ಲ.

ಈಗ ನಾವು ಮುಖ್ಯವಾದ ಲೆಕ್ಕಕ್ಕೆ ಬಂದಿದ್ದೇವೆ. ಈಗ ಬಹುಕಡೆ ಬಳಕೆಯಲ್ಲಿರುವ ಮಟ್ಟದ ನೊರೆಯನ್ನು ಹಿಡಿದರೆ, ಐದನೆಯ ದರ್ಜೆಗೆ ಬೇಕಾದ ನೀರು ೫,೪೦೦ ಲೀಟರು. ಕೊಡವೊಂದಕ್ಕೆ ೧೫ ಲೀಟರೆಂದರೆ ಮುನ್ನೂರರವತ್ತು ಕೊಡ. ಸಣ್ಣ ಮೊತ್ತವಲ್ಲ. ಆದರೆ ಅದನ್ನು ನಿಮಿಷಕ್ಕೆ ೩,೦೦೦ ಲೀಟರಿನಂತೆ ಹೊಯ್ಯಬೇಕೆಂದು ನಿಯಮ. ಅಂದರೆ ತೊಟ್ಟಿ ಬರಿದಾಗಲು ಎರಡು ನಿಮಿಷವೂ ಹಿಡಿಯದು! ಆರನೆಯ ದರ್ಜೆಗೆ ೭,೯೦೦ ಲೀಟರು, ನಿಮಿಷಕ್ಕೆ ೪,೦೦೦. ಅಲ್ಲಿಯೂ ಎರಡೇ ನಿಮಿಷ. ಹತ್ತನೆಯ ದರ್ಜೆಯ ೩೨,೩೦೦ ಲೀಟರೂ, ನಿಮಿಷಕ್ಕೆ ೧೧,೨೦೦ರಂತೆ ಹೋದರೆ, ಮೂರು ನಿಮಿಷಕ್ಕೆ ಸಾಲದು. ಕೋಟಿಗಟ್ಟಲೆ ಬೆಲೆಯ ವಾಹನ, ಹಗಲಿರುಳು ಕಾದಿರುವ ಸಿಬ್ಬಂದಿ, ಇಷ್ಟೆಲ್ಲ ಸನ್ನಾಹ ಎರಡು ಮೂರು ನಿಮಿಷದ ನೊರೆಗಾಗಿಯೇ ಎಂದು ಆಶ್ಚರ್ಯವಾಗಬಹುದು.

ಇದು ಲೆಕ್ಕದ ತಪ್ಪಲ್ಲ, ಉದ್ದೇಶವೇ ಹಾಗೆ. ಈ ವಾಹನವನ್ನು ವಿಮಾನವನ್ನು ಉಳಿಸಲೆಂದು ಮಾಡಿಲ್ಲ, ಬೆಂಕಿಯನ್ನು ಪೂರ್ತಿ ಆರಿಸಲೆಂದೂ ಮಾಡಿಲ್ಲ. ವಿಮಾನದ ಒಡಲಿನ ಸುತ್ತ, ಬಾಗಿಲುಗಳಿಂದ ಜನ ಇಳಿದು ಓಡುವ ನೆಲದಲ್ಲಿ, ಬೆಂಕಿಯನ್ನು ಒಂದು ನಿಮಿಷದೊಳಗೆ ಅಡಗಿಸಿ, ಅದು ಮತ್ತೆ ಏಳದಂತೆ ಇನ್ನಷ್ಟು ಹೊತ್ತು ಹಿಡಿದಿಡುವುದು—ನೀರಿನ ಮೊತ್ತವನ್ನು ಗೊತ್ತುಮಾಡಿರುವುದು ಈ ಲೆಕ್ಕದ ಮೇಲೆ. ೨೦೨೪ನೆಯ ಇಸವಿ ಜನವರಿ ೨ರ ಸಂಜೆ ಟೋಕಿಯೋ ನಗರದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಓಡುದಾರಿಯ ಮೇಲಿದ್ದ ಕರಾವಳಿ ಕಾವಲಿನ ವಿಮಾನಕ್ಕೆ ಬಡಿದು ಬೆಂಕಿ ಹೊತ್ತಿಕೊಂಡಿತು. ಚಿಕ್ಕ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ತೀರಿಕೊಂಡರು. ದೊಡ್ಡ ವಿಮಾನದಲ್ಲಿದ್ದ ೩೭೯ ಮಂದಿಯೂ ಬದುಕಿ ಹೊರಬಂದರು. ಬೆಂಕಿ ಆರುವ ಹೊತ್ತಿಗೆ ನಡುರಾತ್ರಿ ಕಳೆದಿತ್ತು, ವಿಮಾನ ಬೂದಿಯಾಗಿತ್ತು. ವಿಮಾನ ಹೋಯಿತು, ಜನ ಉಳಿದರು. ಈ ವಿದ್ಯೆಯಲ್ಲಿ ಗೆಲವೆಂದರೆ ಇದೇ.

ಉಳಿಸಲು ಹೋದವರಿಂದಲೇ ಕೇಡಾಗುವುದೂ ಉಂಟೆಂಬುದನ್ನು ಮರೆಯಬಾರದು. ೨೦೧೩ನೆಯ ಇಸವಿ ಜುಲೈ ೬ರಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಅಪಘಾತಕ್ಕೊಳಗಾದ ವಿಮಾನದ ಬಳಿ ನೆಲಕ್ಕೆ ಬಿದ್ದಿದ್ದ ಬಾಲಕಿಯೊಬ್ಬಳು ನೊರೆಯ ಮರೆಯಲ್ಲಿ ಕಾಣದೆ, ಆಕೆಯ ಮೇಲೆ ಅಗ್ನಿಶಾಮಕ ವಾಹನವೇ ಹರಿಯಿತು. ಹಸ್ತದಲ್ಲಿ ಬಲವಿದ್ದರಷ್ಟೇ ಸಾಲದು, ಕಣ್ಣೂ ಇರಬೇಕು. ಆದ್ದರಿಂದ ಸಿಬ್ಬಂದಿಗೆ ವಿಮಾನಗಳ ಜಾತಿ, ಬಾಗಿಲನ್ನು ಹೊರಗಿನಿಂದ ತೆಗೆಯುವ ಬಗೆ, ಗಾಳಿಯ ದಿಕ್ಕನ್ನು ನೋಡಿ ನಿಲ್ಲುವ ಕ್ರಮ, ಹೊಗೆಯೊಳಗೆ ಉಸಿರಿನ ಯಂತ್ರ ಧರಿಸಿ ತಡವಿಕೊಂಡು ನಡೆಯುವ ರೀತಿ, ಎಲ್ಲವನ್ನೂ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಎರಡು ನಿಮಿಷದ ನೊರೆ ಪ್ರಯೋಜನಕ್ಕೆ ಬರಬೇಕಾದರೆ ಅದು ಸಕಾಲಕ್ಕೆ ಮುಟ್ಟಬೇಕು. ಕರೆ ಬಂದ ಕ್ಷಣದಿಂದ ಮೂರು ನಿಮಿಷ ಮೀರದಂತೆ, ಸಾಧ್ಯವಾದರೆ ಎರಡೇ ನಿಮಿಷದಲ್ಲಿ, ಮೊದಲ ವಾಹನ ಓಡುದಾರಿಯ ಯಾವ ತುದಿಗಾದರೂ ತಲಪಿ ನೊರೆ ಹೊಯ್ಯಲು ತೊಡಗಬೇಕೆಂಬುದು ಅಂತರರಾಷ್ಟ್ರೀಯ ಕಟ್ಟಳೆ. ಸೋಗಾನೆಯ ಓಡುದಾರಿಯ ಉದ್ದವನ್ನೇ ಉದಾಹರಣೆಗೆ ಹಿಡಿದು ಒಂದು ಲೆಕ್ಕ ಮಾಡೋಣ. ವಾಹನಗಳ ಕೊಟ್ಟಿಗೆ ಓಡುದಾರಿಯ ನಟ್ಟನಡುವೆ ಇದ್ದರೆ ತುದಿಗೆ ೧,೬೦೦ ಮೀಟರು. ನಲವತ್ತು ಸೆಕೆಂಡು ವೇಗವನ್ನು ಪಡೆಯಲು, ಆಮೇಲೆ ಗಂಟೆಗೆ ೮೦ ಕಿಲೋಮೀಟರಿನಂತೆ ಓಡಿದರೆ, ಸುಮಾರು ಒಂದೂವರೆ ನಿಮಿಷದಲ್ಲಿ ಮುಟ್ಟಬಹುದು. ಕೊಟ್ಟಿಗೆ ಒಂದು ತುದಿಯಲ್ಲಿದ್ದು ಅಪಘಾತ ಇನ್ನೊಂದು ತುದಿಯಲ್ಲಾದರೆ ಅದೇ ಲೆಕ್ಕದಲ್ಲಿ ಎರಡು ಮುಕ್ಕಾಲು ನಿಮಿಷವಾಗುತ್ತದೆ. ಸಿಬ್ಬಂದಿ ಉಡುಪು ತೊಟ್ಟು ವಾಹನ ಹತ್ತಲು ಉಳಿಯುವುದು ಹದಿನೈದೇ ಸೆಕೆಂಡು. ಕೊಟ್ಟಿಗೆಯನ್ನು ಎಲ್ಲಿ ಕಟ್ಟಬೇಕೆಂಬುದು ಶಿಲ್ಪಿಯ ಇಷ್ಟಕ್ಕೆ ಬಿಟ್ಟ ವಿಷಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಲೆಕ್ಕವೆಲ್ಲವೂ ವಿಮಾನ ಬೇಲಿಯ ಒಳಗೇ ಬಿದ್ದರೆ ತಾನೆ? ಬೇಲಿಯ ಹೊರಗೆ ಬಿದ್ದರೆ ಏನಾಗುವುದೆಂಬುದನ್ನು ನಮ್ಮ ಕರ್ನಾಟಕ ಎರಡು ಸಲ ಕಂಡಿದೆ. ೧೯೯೦ನೆಯ ಇಸವಿ ಫೆಬ್ರವರಿ ೧೪ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಎ೩೨೦ ವಿಮಾನ ಬೆಂಗಳೂರಿನ ಹಳೆಯ ನಿಲ್ದಾಣವನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಗುಲಿ, ದಿಬ್ಬಕ್ಕೆ ಬಡಿದು, ನಿಲ್ದಾಣದ ಗೋಡೆಯ ಹೊರಗೆ ಕಲ್ಲೂ ಕೆಸರೂ ತುಂಬಿದ ನೆಲದಲ್ಲಿ ಬಿದ್ದು ಉರಿಯಿತು. ಅದರಲ್ಲಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ಮಡಿದರು. ನಿಲ್ದಾಣ ಕಣ್ಣಳತೆಯಲ್ಲಿತ್ತು, ಆದರೆ ನಡುವೆ ಗೋಡೆಯಿತ್ತು, ಕೆಸರಿತ್ತು.

ಎರಡನೆಯದು ೨೦೧೦ನೆಯ ಇಸವಿ ಮೇ ೨೨ರ ಬೆಳಗಿನ ಜಾವ ಮಂಗಳೂರಿನಲ್ಲಿ ನಡೆದದ್ದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ನೆತ್ತಿಯ ಮೇಲಿನ ಓಡುದಾರಿಯಲ್ಲಿ ಬಹಳ ಮುಂದೆ ಬಂದು ನೆಲ ಮುಟ್ಟಿತು. ನಿಲ್ಲಲಾರದೆ ತುದಿಯನ್ನು ದಾಟಿ ಕಣಿವೆಗೆ ಉರುಳಿತು. ೧೬೬ ಮಂದಿಯಲ್ಲಿ ಉಳಿದವರು ಎಂಟೇ ಮಂದಿ. ಒಡಲು ಸೀಳಿಹೋದ ಸಂದಿನಿಂದ ಹೊರಬಿದ್ದು ಅವರು ಬದುಕಿದರು. ಮೇಲೆ ಸಮತಟ್ಟಾದ ಓಡುದಾರಿಯಿದ್ದರೂ ಕೆಳಗೆ ಇಳಿಯಲು ಇದ್ದುದು ಇಕ್ಕಟ್ಟಾದ ಹಳ್ಳಿಯ ದಾರಿ. ನೆರವಿಗೆ ಧಾವಿಸಿದವರಲ್ಲಿ ಸುತ್ತಲಿನ ಊರವರು ಮೊದಲಿಗರು. ಎರಡು ಅಪಘಾತಗಳ ಕಾರಣವನ್ನೂ ವಿಚಾರಣೆ ನಡೆಸಿದವರು ವಿಮಾನ ನಡೆಸಿದ ಬಗೆಯಲ್ಲಿ ಕಂಡರು. ವಾಹನಗಳು ಎಷ್ಟು ಬೇಗ ಬಂದಿದ್ದರೂ ಎಲ್ಲರೂ ಉಳಿಯುತ್ತಿದ್ದರೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ನಿಮಿಷ ನಿಮಿಷಕ್ಕೂ ಪ್ರಾಣವೇ ಬೆಲೆಯಾಗಿರುವಾಗ, ಒಂದು ಗೋಡೆ, ಒಂದು ಇಳಿಜಾರು, ಒಂದು ಕಿರಿದಾದ ತಿರುವು ಅತ್ಯುತ್ತಮ ಯಂತ್ರವನ್ನೂ ಹೆಳವನನ್ನಾಗಿ ಮಾಡಬಲ್ಲದೆಂಬುದರಲ್ಲಿ ಸಂದೇಹವಿಲ್ಲ.

ಆದುದರಿಂದಲೇ ಓಡುದಾರಿಯ ತುದಿಯಿಂದ ೧,೦೦೦ ಮೀಟರಿನವರೆಗೆ, ಇಲ್ಲವೆ ಕೊನೆಯ ಪಕ್ಷ ನಿಲ್ದಾಣದ ಎಲ್ಲೆಯವರೆಗಾದರೂ, ಈ ವಾಹನಗಳು ತಡೆಯಿಲ್ಲದೆ ಹೋಗುವಂತೆ ತುರ್ತು ದಾರಿಗಳಿರಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆ ಹೇಳುತ್ತದೆ. ನಿಲ್ದಾಣದ ಸುತ್ತ ಸುಮಾರು ೮ ಕಿಲೋಮೀಟರು ದೂರದವರೆಗಿನ ಪ್ರದೇಶವನ್ನು ಚೌಕುಳಿಗಳಾಗಿ ಗುರುತಿಸಿದ ಒಂದು ನಕ್ಷೆ ನಿಲ್ದಾಣದವರ ಬಳಿ ಮಾತ್ರವಲ್ಲ, ಪೊಲೀಸರು, ಪಟ್ಟಣದ ಅಗ್ನಿಶಾಮಕ ದಳ, ಆಸ್ಪತ್ರೆ ಇವರೆಲ್ಲರ ಬಳಿಯೂ ಇರಬೇಕು. ‘ಇಂಥ ಚೌಕ’ ಎಂದೊಡನೆ ಎಲ್ಲರೂ ಒಂದೇ ಜಾಗವನ್ನು ತಿಳಿದುಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆಯಾದರೂ ಇವರೆಲ್ಲರನ್ನೂ ಕೂಡಿಸಿ ಅಣಕು ಅಪಘಾತದ ಪೂರ್ಣಪ್ರಮಾಣದ ಅಭ್ಯಾಸ ನಡೆಸಬೇಕು. ಸೋಗಾನೆಯನ್ನು ನಡುವಿಟ್ಟು ಎಂಟು ಕಿಲೋಮೀಟರಿನ ವೃತ್ತವನ್ನು ಎಳೆದರೆ ಮಲವಗೊಪ್ಪವೂ ಅದರೊಳಗೆ ಬರುತ್ತದೆ. ನಾವು ಮೊದಲಿಗೆ ಹೇಳಿದ ಹೊಣೆ ಇದೇ.

ಆ ಹೊಣೆ ಹೊರಲಾರದಷ್ಟು ಭಾರವಾದುದೇನೂ ಅಲ್ಲ. ನಿಲ್ದಾಣದ ಸುತ್ತಣ ಗೇಟುಗಳ ಮುಂದೆ ಗಾಡಿ ನಿಲ್ಲಿಸದಿರುವುದು, ಅವುಗಳಿಗೆ ಹೋಗುವ ದಾರಿಯನ್ನು ಅಂಗಡಿಯಿಂದಲೋ ಕಲ್ಲುಮಣ್ಣಿನ ರಾಶಿಯಿಂದಲೋ ಕಿರಿದು ಮಾಡದಿರುವುದು. ಹೆದ್ದಾರಿಯಲ್ಲಿ ಕರೆಗಂಟೆ ಮೊಳಗಿದಾಗ ಪಕ್ಕಕ್ಕೆ ಸರಿಯುವುದು. ಅಪಘಾತದ ಸುದ್ದಿ ಕೇಳಿದೊಡನೆ ನೋಟಕ್ಕೆಂದು ಮುಗಿಬಿದ್ದು ಆಂಬುಲೆನ್ಸುಗಳಿಗೆ ಅಡ್ಡವಾಗದಿರುವುದು. ಮೊದಲೇ ಸ್ಥಳದಲ್ಲಿದ್ದರೆ ಬೀಡಿ ಸಿಗರೇಟುಗಳನ್ನು ಆರಿಸಿ, ನಡೆಯಬಲ್ಲ ಗಾಯಾಳುಗಳನ್ನು ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ಕರೆದೊಯ್ಯುವುದು. ಮೆಗ್ಗಾನ್ ಆಸ್ಪತ್ರೆಯಂಥ ಕಡೆ ರಕ್ತ ಬೇಕೆಂದಾಗ ಮುಂದೆ ಬರುವುದು. ಅಧಿಕಾರಿಗಳ ಪಾಲಿಗೆ ಇನ್ನೂ ಒಂದಿದೆ: ಅಣಕು ಅಭ್ಯಾಸ ಬೇಲಿಯೊಳಗೇ ಮುಗಿಯದೆ, ಮಳೆಗಾಲದ ಕೆಸರಿನಲ್ಲಿ, ಹಳ್ಳಿಯ ದಾರಿಯಲ್ಲಿ, ಊರವರನ್ನೂ ಸೇರಿಸಿಕೊಂಡು ನಡೆಯಬೇಕು. ಮಲೆನಾಡಿನ ಆಷಾಢ ಶ್ರಾವಣಗಳಲ್ಲಿ ನೆಲ ಎಷ್ಟು ಮೆತ್ತಗಾಗುವುದೆಂಬುದನ್ನು ರೈತ ಬಲ್ಲನೇ ಹೊರತು ಬೇರೆ ಊರಿನಿಂದ ವರ್ಗವಾಗಿ ಬಂದ ಚಾಲಕನು ಬಲ್ಲನೇ?

ದಿನಕ್ಕೆ ಬೆರಳೆಣಿಕೆಯ ವಿಮಾನ ಬರುವ ನಿಲ್ದಾಣದಲ್ಲಿ ಇಷ್ಟು ವೆಚ್ಚದ ವಾಹನಗಳು ಸುಮ್ಮನೆ ನಿಂತಿರಬೇಕೆ ಎಂಬ ಆಕ್ಷೇಪವೂ ಒಂದುಂಟು. ನಮ್ಮ ಹಿರಿಯರು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವನ ಗಾದೆಯನ್ನು ಹೇಳಿ ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಸೋಗಾನೆಗೆ ಒಂದೇ ವಿಮಾನ ಬಂದರೂ ಅದರಲ್ಲಿ ಕುಳಿತವರಿಗೆ ಬೇಕಾಗುವುದು ಅದೇ ಎರಡು ನಿಮಿಷದ ನೊರೆ. ಬಾವಿಯನ್ನು ಸರ್ಕಾರ ತೋಡಿಸಬಹುದು. ಬಾವಿಗೆ ಹೋಗುವ ದಾರಿಯನ್ನು ತೆರವಾಗಿ ಇಡುವುದು ಊರಿನವರ ಕೆಲಸ. ಮಲವಗೊಪ್ಪದ ಮೇಲೆ ವಿಮಾನದ ಸದ್ದು ಕೇಳಿದಾಗಲೆಲ್ಲ ಈ ದಾರಿಯ ನೆನಪಾದರೆ ನಮ್ಮ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇವೆ.